ಕೈ ನೋಡಿ, ಕಾಲ ಗೊತ್ತಾಗುತ್ತದೆ: ಥಾಯ್ ಹುಡುಗರ ಬಾಕ್ಸಿಂಗ್ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ಹೋದ ವಾರ ನಾನು ಮತ್ತು ನನ್ನ 11 ವರ್ಷದ ಮಗ ಒಂದು ಥಾಯ್ ಸಿನಿಮಾ ನೋಡಿದೆವು. ಹಳೆಯ ಕಾಲದ ಕಥೆ. ಹಳ್ಳಿಯ ಹುಡುಗರು ಗುರುವಿನ ಹತ್ತಿರ ಬಾಕ್ಸಿಂಗ್ ಕಲಿತು ಬ್ಯಾಂಕಾಕಿಗೆ ಹೋಗುತ್ತಾರೆ. ಒಂದು ಕಡೆ ಕೈಗೆ ಹುರಿ ಸುತ್ತಿಕೊಂಡು ಹೊಡೆದಾಡುತ್ತಾರೆ, ಇನ್ನೊಂದು ಕಡೆ ಗ್ಲೌಸ್ ಹಾಕಿರುತ್ತಾರೆ. ಹುರಿಗೆ ಗಾಜಿನ ಪುಡಿ ಅಂಟಿಸುತ್ತಿದ್ದರು ಎನ್ನುತ್ತಾರಲ್ಲ, ಅದು ನಿಜವಾ? ಹೊಡೆದಾಟಕ್ಕೆ ಮುಂಚೆ ಅಷ್ಟು ಹೊತ್ತು ಕುಣಿಯುವುದು ಯಾಕೆ? ಅಷ್ಟು ಚಿಕ್ಕ ಮಕ್ಕಳು ನಿಜವಾಗಿಯೂ ದುಡ್ಡಿಗಾಗಿ ಹೊಡೆದಾಡುತ್ತಾರಾ? ಮಗ ಈಗ ತಾನೂ ಕಲಿಯಬೇಕು ಅಂತ ಹಟ ಹಿಡಿದು ಕೂತಿದ್ದಾನೆ. ಕಳಿಸಬಹುದಾ?

ಉತ್ತರ: ಹುರಿ ಮತ್ತು ಗ್ಲೌಸ್ ಎರಡನ್ನೂ ನೀವು ಗಮನಿಸಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಥಾಯ್ಲೆಂಡಿನ ಹಳೆಯ ಕಾಲದ ಬಾಕ್ಸಿಂಗ್ ಕಥೆ ಯಾವುದೇ ಇರಲಿ, ನಾನು ಮೊದಲು ನೋಡುವುದು ಹುಡುಗರ ಕೈಯನ್ನೇ. ಅದು ಯಾವ ಕಾಲದ ಕಥೆ, ಯಾವ ಸೀಮೆಯ ಹುಡುಗ, ಅವನಿಗೆ ಕಲಿಸಿದವರು ಎಂಥವರು, ಇದೆಲ್ಲಾ ಕೈಯಲ್ಲೇ ಗೊತ್ತಾಗುತ್ತದೆ. ಕೊನೆಗೆ ಗೆದ್ದ ದುಡ್ಡು ಎಣಿಸುವುದೂ ಅದೇ ಕೈ. ಹಾಗಾಗಿ ಕೈಯಿಂದಲೇ ಶುರು ಮಾಡೋಣ.

ಹುರಿ ಸುತ್ತುವುದಕ್ಕೆ ಥಾಯ್ ಭಾಷೆಯಲ್ಲಿ ಖಾತ್ ಚುವಕ್ ಎನ್ನುತ್ತಾರೆ. ಹುರಿ ಕಟ್ಟುವುದು, ಅಷ್ಟೇ ಅರ್ಥ. ಗ್ಲೌಸ್ ಬರುವ ಮುಂಚೆ ಎಲ್ಲರೂ ಹೀಗೇ ಕಟ್ಟಿಕೊಳ್ಳುತ್ತಿದ್ದರು. ಬ್ಯಾಂಕಾಕಿನಲ್ಲಿ ಕಲಿಯುತ್ತಿದ್ದಾಗ ಒಬ್ಬ ವಯಸ್ಸಾದ ಗುರು ನನ್ನ ಕೈಗೆ ಒಮ್ಮೆ ಕಟ್ಟಿ ತೋರಿಸಿದರು. ಬಿಳಿ ಹತ್ತಿಯ ಹುರಿ, ನಮ್ಮ ಕಿರುಬೆರಳಿಗಿಂತ ಸಣ್ಣ. ಮೊದಲು ಮಣಿಕಟ್ಟಿಗೆ ನಾಲ್ಕಾರು ಸುತ್ತು. ಆಮೇಲೆ ಅಂಗೈ ಮೇಲಿಂದ ಬಂದು ಒಂದೊಂದು ಬೆರಳಿನ ಸಂದಿನಲ್ಲಿ ತೂರಿಸಿ ಎಳೆದರು. ಕೊನೆಗೆ ಗೆಣ್ಣುಗಳ ಮೇಲೆ ಹುರಿಯನ್ನು ತಿರುಚಿ ತಿರುಚಿ ಚಿಕ್ಕ ಚಿಕ್ಕ ಸುರುಳಿ ಮಾಡಿದರು. ಬಸವನಹುಳುವಿನ ಚಿಪ್ಪಿನ ಹಾಗೆ ಕಾಣುತ್ತದೆ. ಅದಕ್ಕೆ ಅವರಲ್ಲಿ ಇರುವ ಹೆಸರೂ ಅದೇ, ಕೊನ್ ಹೊಯ್. ಬೆರಳು ಬಿಚ್ಚಿದರೆ ಹುರಿ ಸಡಿಲ, ಮುಷ್ಟಿ ಹಿಡಿದರೆ ತಾನೇ ಬಿಗಿಯಾಗುತ್ತದೆ. ಕಟ್ಟಿ ಮುಗಿಸಿ, ನಿನ್ನ ಕೆನ್ನೆಗೇ ಮೆಲ್ಲಗೆ ಉಜ್ಜಿಕೋ ಅಂದರು. ಉಜ್ಜಿಕೊಂಡೆ. ಹಸಿ ಗಾಯದ ಹಾಗೆ ಚುರ್ ಅಂತು.

ಗಾಜಿನ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಸಿಕ್ಕಿತು. ಬೆವರು ನೀರು ತಾಗಿ ಒಣಗಿದ ಹುರಿ ಮರದ ತೊಗಟೆಯಷ್ಟು ಒರಟಾಗುತ್ತದೆ. ಚರ್ಮ ಕೀಳುವುದಕ್ಕೆ ಅದೇ ಸಾಕು, ಗಾಜು ಬೇಕಾಗಿಲ್ಲ. ಇನ್ನೊಂದು ಮಾತು. ಕಾಲು, ಮೊಣಕಾಲು, ಮೊಣಕೈಯಿಂದಲೂ ಹೊಡೆಯುವ ಈ ಆಟದಲ್ಲಿ ಕೈ ಸದಾ ತನ್ನ ಮುಖದ ಹತ್ತಿರವೇ ಇರುತ್ತದೆ. ಎದುರಾಳಿಯ ಒದೆ ಬಂದು ಕೈಗೆ ಬಡಿದರೆ ಆ ಕೈ ಹೋಗಿ ತಗುಲುವುದು ತನ್ನ ಕಣ್ಣಿಗೇ. ಗಾಜು ಮೆತ್ತಿಕೊಂಡವನು ಮೊದಲ ರೌಂಡಿನಲ್ಲೇ ತನ್ನ ಕಣ್ಣು ಕಳೆದುಕೊಳ್ಳುತ್ತಿದ್ದ. ತೆರೆಯ ಮೇಲೆ ನೋಡುವುದಕ್ಕೆ ಭಯಂಕರವಾಗಿರುತ್ತದೆ, ಒಪ್ಪುತ್ತೇನೆ. ಆದರೆ ಆಟ ಬಲ್ಲವರು ಹಾಗೆ ಮಾಡುತ್ತಿದ್ದರು ಅಂತ ನಾನು ನಂಬುವುದಿಲ್ಲ.

ಎಷ್ಟು ಎತ್ತರಕ್ಕೆ ಸುತ್ತಿದ್ದಾರೆ ಅನ್ನುವುದನ್ನೂ ನೋಡಿ. ಈಶಾನ್ಯದ ಕೋರಾಟ್ ಸೀಮೆಯವರು ಮೊಣಕೈವರೆಗೂ ಸುತ್ತುತ್ತಿದ್ದರು. ಅವರದ್ದು ದೂರದಿಂದ ಬೀಸಿ ಹೊಡೆಯುವ ಆಟ, ಜೋರಾದ ಒದೆಗಳನ್ನು ಮುಂಗೈ ಮೇಲೆ ತಡೆಯಬೇಕು. ದಕ್ಷಿಣದ ಚೈಯಾದವರು ಮಣಿಕಟ್ಟಿನ ಹತ್ತಿರವೇ ನಿಲ್ಲಿಸುತ್ತಿದ್ದರು. ಅವರಿಗೆ ಮೊಣಕೈ ಮುಂಗೈ ಬಿಡುವಾಗಿರಬೇಕು, ಯಾಕೆಂದರೆ ಅವರು ಹತ್ತಿರ ನುಗ್ಗಿ ಆಡುವವರು. ಸಿನಿಮಾದಲ್ಲಿ ಚೈಯಾ ಹುಡುಗನ ಕೈಗೆ ಮೊಣಕೈವರೆಗೆ ಹುರಿ ಕಂಡರೆ ಅದು ವೇಷಭೂಷಣದವರ ತಪ್ಪು ಅಂತ ತಿಳಿಯಿರಿ.

ಸೀಮೆಗೊಂದು ಆಟ ಇತ್ತು ಅನ್ನುವುದಕ್ಕೆ ಥಾಯ್ ಜನರಲ್ಲಿ ಒಂದು ಹಳೆಯ ಮಾತೇ ಇದೆ. ಗುದ್ದು ಭಾರ ಕೋರಾಟಿನದು, ಜಾಣತನ ಲೋಪ್‌ಬುರಿಯದು, ನಿಲುವು ಚೆಂದ ಚೈಯಾದ್ದು, ಇವೆಲ್ಲಕ್ಕಿಂತ ವೇಗ ಥಾ ಸಾವೊದ್ದು. ಥಾ ಸಾವೊ ಇರುವುದು ಉತ್ತರದ ಉತ್ತರಾದಿತ್ ಪ್ರಾಂತದಲ್ಲಿ. ಇದು ಸುಮ್ನೆ ಊರಿನ ಅಭಿಮಾನದ ಮಾತಲ್ಲ. 1909-10ರಲ್ಲಿ ರಾಜ ಚುಲಾಲಂಕರಣ ತನ್ನ ಒಬ್ಬ ಮಗನ ಅಂತ್ಯಕ್ರಿಯೆಯ ಸಂದರ್ಭದಲ್ಲಿ ದೇಶದ ಮೂಲೆ ಮೂಲೆಯಿಂದ ಬಾಕ್ಸರ್‌ಗಳನ್ನು ಕರೆಸಿ ಪಂದ್ಯ ಇಟ್ಟ. ಗೆದ್ದ ಮೂವರಿಗೆ ಮುವನ್ ಅನ್ನುವ ಬಿರುದು ಕೊಟ್ಟ. ಒಬ್ಬ ಚೈಯಾದ ಪ್ಲೊಂಗ್, ಒಬ್ಬ ಕೋರಾಟಿನ ಡೇಂಗ್, ಇನ್ನೊಬ್ಬ ಲೋಪ್‌ಬುರಿಯ ಕ್ಲುಂಗ್. ಮೂರು ಸೀಮೆ, ಮೂರು ಬಗೆಯ ಆಟ. ಈ ಥಾಯ್ ಬಾಕ್ಸಿಂಗಿಗೆ ಅವರ ಭಾಷೆಯಲ್ಲಿ ಮುವಾಯ್ ಥಾಯ್ ಎನ್ನುತ್ತಾರೆ, ಆಗಿನ್ನೂ ಅದು ಒಂದೇ ಅಚ್ಚಿನ ಆಟ ಆಗಿರಲಿಲ್ಲ.

ಚೈಯಾ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಅದು ನನಗೆ ಬಹಳ ಇಷ್ಟವಾದ ಪದ್ಧತಿ. ಅದು ಸೂರತ್ ಥಾನಿ ಪ್ರಾಂತದ ಹಳೆಯ ಪಟ್ಟಣ. ಉಪ್ಪು ಹಾಕಿದ ಬಾತುಕೋಳಿ ಮೊಟ್ಟೆಗೆ ಈಗಲೂ ಹೆಸರುವಾಸಿ. (ಆ ಪ್ರಾಂತದ ಹೆಸರು ಬಂದಿದ್ದು ನಮ್ಮ ಗುಜರಾತಿನ ಸೂರತ್‌ನಿಂದ. 1915ರಲ್ಲಿ ರಾಜ ವಜಿರಾವುಧ ಇಟ್ಟ ಹೆಸರು. ಅಲ್ಲಿನ ನದಿಗೂ ತಾಪಿ ಅಂತಲೇ ಕರೆಯುತ್ತಾರೆ.) ಚೈಯಾ ಆಟದ ಮೂಲಗುರು ಪೊ ಥಾನ್ ಮಾ ಅನ್ನುವ ಬೌದ್ಧ ಗುರುಗಳು ಅಂತ ಆ ಪರಂಪರೆಯವರು ಹೇಳುತ್ತಾರೆ. ಅಲ್ಲಿನ ಅಧಿಕಾರಿಯ ಮಗ ಖೇತ್ ಸಿಯಾಫೈ ಬ್ಯಾಂಕಾಕಿನಲ್ಲಿ ಇದನ್ನು ಕಲಿಸಿ, ಬರೆದು ಉಳಿಸಿದರು. ಅವರು ತೀರಿಕೊಂಡಿದ್ದು 1978ರಲ್ಲಿ.

ಚೈಯಾ ಆಟದ ಬೀಜ ನಾಲ್ಕು ಪುಟ್ಟ ಶಬ್ದಗಳಲ್ಲಿದೆ: ಪೊಂಗ್, ಪತ್, ಪಿತ್, ಪೆತ್. ಕಾಯಿ, ಸರಿಸು, ಮುಚ್ಚು, ತೆರೆ. ಮೈ ತಗ್ಗಿಸಿ, ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ನಿಲ್ಲುತ್ತಾರೆ. ಹೊಡೆತ ಬಂದರೆ ಹಿಂದೆ ಓಡುವುದಿಲ್ಲ. ಮುಂಗೈಯಿಂದ ಆಚೆ ಸರಿಸಿ, ಅದೇ ಚಲನೆಯಲ್ಲಿ ಮೊಣಕೈ ಒಳಗೆ ಹಾಕುತ್ತಾರೆ. ನೋಡುವವರಿಗೆ ಒದೆದವನೇ ಬಂದು ಮೊಣಕೈಗೆ ಡಿಕ್ಕಿ ಹೊಡೆದ ಹಾಗೆ ಕಾಣುತ್ತದೆ. ಮೊದಲು ಕಲಿಸುವುದು ಬೀಳುವುದು, ತಡೆಯುವುದು. ಹೊಡೆಯುವುದು ಆಮೇಲೆ. ನಿಮ್ಮ ಮಗನ ವಿಷಯಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಗ್ಲೌಸ್. 1920ರ ದಶಕದ ಕೊನೆಯಲ್ಲಿ ಬ್ಯಾಂಕಾಕಿನಲ್ಲಿ ಒಂದು ಪಂದ್ಯ ನಡೆಯಿತು. ಉತ್ತರಾದಿತ್‌ನ ಫೇ ಲಿಯಾಂಗ್‌ಪ್ರಸೆತ್ ಒಂದು ಕಡೆ, ಕಾಂಬೋಡಿಯಾ ಮೂಲದ ಚಿಯಾ ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಹುರಿ. ಫೇ ಹೊಡೆತಕ್ಕೆ ಚಿಯಾ ಬಿದ್ದ, ಪ್ರಾಣವೇ ಹೋಯಿತು. ಅದಾದ ಮೇಲೆ ಹುರಿ ನಿಂತು ಗ್ಲೌಸ್ ಬಂತು. ಅದಕ್ಕೆ ಮುಂಚಿನಿಂದಲೇ ಬ್ಯಾಂಕಾಕಿನಲ್ಲಿ ಇಂಗ್ಲಿಷ್ ಬಾಕ್ಸಿಂಗ್ ಪ್ರಭಾವ ಇತ್ತು. 1921ರಲ್ಲಿ ಸುವಾನ್ ಕುಲಾಬ್ ಶಾಲೆಯ ಮೈದಾನದಲ್ಲಿ ರಿಂಗ್ ಹಾಕಿ ಪಂದ್ಯ ನಡೆಸುತ್ತಿದ್ದರು. ಹಳೆಯ ಪದ್ಧತಿಯಲ್ಲಿ ರೌಂಡಿಗೆ ಗಡಿಯಾರ ಇರಲಿಲ್ಲ. ತೂತು ಮಾಡಿದ ತೆಂಗಿನ ಚಿಪ್ಪನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು, ಅದು ಮುಳುಗಿದರೆ ರೌಂಡ್ ಮುಗಿಯಿತು. ಈಗ 3 ನಿಮಿಷದ 5 ರೌಂಡ್, ನಡುವೆ 2 ನಿಮಿಷ ವಿರಾಮ. ರಾಜದಮ್ನರ್ನ್ ಸ್ಟೇಡಿಯಂ ಶುರುವಾಗಿದ್ದು 1945ರ ಡಿಸೆಂಬರಿನಲ್ಲಿ, ಲುಂಪಿನಿ 1956ರ ಡಿಸೆಂಬರಿನಲ್ಲಿ. ಹಾಗಾಗಿ ನಿಮ್ಮ ಸಿನಿಮಾದ ಹುಡುಗರು ಬ್ಯಾಂಕಾಕಿನ ದೊಡ್ಡ ಸ್ಟೇಡಿಯಂನಲ್ಲಿ ಆಡಿದ್ದರೆ ಆ ಕಥೆ 1945ರ ನಂತರದ್ದು. ಅಲ್ಲಿ ಹುರಿ ಬರುವ ಹಾಗಿಲ್ಲ. ಊರಲ್ಲಿ ಗುರು ಕಲಿಸುವಾಗ, ಇಲ್ಲವೇ ಕಳ್ಳತನದಲ್ಲಿ ನಡೆಯುವ ಪಂದ್ಯದಲ್ಲಿ ಹುರಿ ತೋರಿಸಿದ್ದರೆ ಅದು ಕಥೆಗಾಗಿ ಅಂತ ಒಪ್ಪಬಹುದು.

ಗ್ಲೌಸ್ ಬಂದಿದ್ದರಿಂದ ಜೀವ ಉಳಿಯಿತು, ನಿಜ. ಆದರೆ ಊರೂರಿನ ಆಟಗಳು ಹೋದವು. ಯಾಕೆ ಅಂದರೆ ಎಲ್ಲರೂ ಒಂದೇ ರಿಂಗಿನಲ್ಲಿ, ಒಂದೇ ಲೆಕ್ಕದ ಪಾಯಿಂಟಿಗೆ ಆಡಬೇಕಾಯಿತು. ಪಕ್ಕೆಗೆ ಬಿದ್ದ ಒದೆಗೆ, ಮೊಣಕಾಲಿನ ಗುದ್ದಿಗೆ ಜಾಸ್ತಿ ಬೆಲೆ, ಕೈಯ ಗುದ್ದಿಗೆ ಕಡಿಮೆ. ಹಾಗಾದಾಗ ಯಾವ ಹುಡುಗ ತಾನೇ ತಗ್ಗಿ ನಿಂತು ಮೊಣಕೈಗೆ ಕಾಯುತ್ತಾನೆ? ಎಲ್ಲರೂ ಎತ್ತರಕ್ಕೆ ನಿಂತು ಒದೆಯಲು, ಅಪ್ಪಿ ಹಿಡಿದು ಮೊಣಕಾಲು ಹಾಕಲು ಕಲಿತರು.

ಈ ಅಪ್ಪಿ ಹಿಡಿಯುವುದನ್ನು ಸಿನಿಮಾಗಳು ಸರಿಯಾಗಿ ತೋರಿಸುವುದೇ ಇಲ್ಲ. ಥಾಯ್ ಭಾಷೆಯಲ್ಲಿ ಪ್ಲಾಮ್ ಎನ್ನುತ್ತಾರೆ. ಇಬ್ಬರೂ ಒಬ್ಬರ ಕತ್ತಿನ ಹಿಂದೆ ಒಬ್ಬರು ಕೈ ಹಾಕಿ, ತಲೆಗೆ ತಲೆ ಒತ್ತಿ, ಎದುರಾಳಿಯ ಸಮತೋಲ ಕೆಡಿಸಲು ನೋಡುತ್ತಾರೆ. ಮೇಲಿಂದ ನೋಡಿದರೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಒಳಗಿದ್ದವನಿಗೆ ಗೊತ್ತು. ನನಗಿಂತ ಎಷ್ಟೋ ಕೆಜಿ ಕಡಿಮೆ ತೂಕದ ಹುಡುಗ ಒಬ್ಬ ನನ್ನ ಕತ್ತು ಹಿಡಿದಾಗ ಎರಡು ನಿಮಿಷದಲ್ಲಿ ನನ್ನ ಕಾಲು ನಡುಗಿತು. ಅವನು ಬಲ ಹಾಕುತ್ತಿರಲಿಲ್ಲ. ನಾನು ಉಸಿರು ಬಿಡುವ ಹೊತ್ತಿಗೆ ಕಾದು ಕತ್ತು ಕೆಳಗೆ ಜಗ್ಗುತ್ತಿದ್ದ, ಅಷ್ಟೇ. ನಿಜವಾದ ಸ್ಟೇಡಿಯಂನಲ್ಲಿ ಎಷ್ಟೋ ಪಂದ್ಯ ತೀರ್ಮಾನ ಆಗುವುದು ಇಲ್ಲೇ.

ಈಗ ಕುಣಿತಕ್ಕೆ ಬರುತ್ತೇನೆ. ನೀವು ನೋಡಿದ್ದು ವಾಯ್ ಕ್ರು ಮತ್ತು ರಾಮ್ ಮುವಾಯ್. ವಾಯ್ ಅಂದರೆ ಕೈ ಮುಗಿಯುವುದು. ಕ್ರು ಅಂದರೆ ಗುರು, ನಮ್ಮದೇ ಶಬ್ದ. ರಾಮ್ ಮುವಾಯ್ ಅಂದರೆ ಬಾಕ್ಸಿಂಗ್ ಕುಣಿತ. ತಲೆಗೆ ಹಾಕುವ ಪಟ್ಟಿಗೆ ಮೊಂಗ್‌ಕೊನ್ ಅನ್ನುತ್ತಾರೆ, ಅದು ನಮ್ಮ ಮಂಗಳ. ಆ ಪಟ್ಟಿ ಹುಡುಗನದಲ್ಲ, ಗುರುವಿನದು. ಗುರುವೇ ತಲೆಗೆ ಇಡಬೇಕು, ಗುರುವೇ ತೆಗೆಯಬೇಕು, ನೆಲಕ್ಕೆ ತಾಗಿಸಬಾರದು. ತೋಳಿಗೆ ಕಟ್ಟುವ ಬಟ್ಟೆಗೆ ಪ್ರಚಿಯತ್ ಅಂತ ಹೆಸರು. ಹಿಂದೆ ಅಮ್ಮನ ಬಟ್ಟೆಯಿಂದ ಹರಿದ ತುಂಡನ್ನು ಕಟ್ಟಿಕೊಂಡು ಹೋಗುತ್ತಿದ್ದರು ಅಂತ ಹೇಳುತ್ತಾರೆ. ಹುಡುಗ ಹಗ್ಗ ಹಿಡಿದು ರಿಂಗನ್ನು ಸುತ್ತುತ್ತಾನೆ, ನಡುವೆ ಮಂಡಿ ಊರಿ ಮೂರು ಸಲ ತಲೆಬಾಗುತ್ತಾನೆ, ಆಮೇಲೆ ನಿಧಾನವಾಗಿ ಕುಣಿಯುತ್ತಾನೆ.

ಆಗ ಕೇಳುವ ವಾದ್ಯದ ಕಡೆ ಕಿವಿ ಕೊಟ್ಟಿದ್ದೀರಾ? ನಮ್ಮ ಮದುವೆ ಓಲಗ ಕೇಳಿದವರಿಗೆ ಥಟ್ ಅಂತ ಹತ್ತಿರ ಅನಿಸುತ್ತದೆ. ಊದುವುದು ಪೀ ಚವಾ, ಅಂದರೆ ಜಾವಾ ಪೀಪಿ. ಜೊತೆಗೆ ಎರಡು ಡೋಲು, ಒಂದು ಜೊತೆ ತಾಳ. ಆ ಡೋಲಿಗೆ ಕ್ಲಾಂಗ್ ಖೇಕ್ ಅಂತ ಹೆಸರು. ಖೇಕ್ ಅನ್ನುವ ಶಬ್ದವನ್ನು ಥಾಯ್ ಜನ ಭಾರತದವರಿಗೂ ಮಲಯದವರಿಗೂ ಬಳಸುತ್ತಾರೆ. ಕುಣಿತದ ಹೊತ್ತಿಗೆ ಸಂಗೀತ ನಿಧಾನ, ಪಂದ್ಯ ಏರಿದ ಹಾಗೆ ಅದರ ವೇಗವೂ ಏರುತ್ತದೆ. ವಾದ್ಯದವರು ಪಂದ್ಯ ನೋಡಿಕೊಂಡೇ ಬಾರಿಸುತ್ತಾರೆ. ನುರಿತ ಕಣ್ಣಿಗೆ ಕುಣಿತದಲ್ಲೇ ಎಷ್ಟೋ ಗೊತ್ತಾಗುತ್ತದೆ: ಮೈ ಬಿಸಿಯಾಗಿದೆಯಾ, ಹೆದರಿದ್ದಾನಾ, ಯಾವ ಗುರುವಿನ ಕೈಯಲ್ಲಿ ಪಳಗಿದ್ದಾನೆ. ಸಿನಿಮಾದವರು ಇದನ್ನು ಕತ್ತರಿಸದೆ ಪೂರ್ತಿ ತೋರಿಸಿದ್ದರೆ ಅವರಿಗೆ ನನ್ನ ಮೆಚ್ಚುಗೆ.

ಮುಂದಿನ ನಿಮ್ಮ ಪ್ರಶ್ನೆಗೆ ಉತ್ತರ ಹೌದು. ಚಿಕ್ಕ ಮಕ್ಕಳು ನಿಜವಾಗಿಯೂ ದುಡ್ಡಿಗಾಗಿ ಹೊಡೆದಾಡುತ್ತಾರೆ, ಈಗಲೂ. ಎಂಟು ಹತ್ತು ವರ್ಷಕ್ಕೇ ಶುರು. ಬೌದ್ಧ ದೇವಾಲಯದ ಜಾತ್ರೆಯಲ್ಲಿ ಒಂದು ಮೂಲೆಯಲ್ಲಿ ರಿಂಗ್ ಹಾಕಿರುತ್ತಾರೆ. ಪಕ್ಕದಲ್ಲೇ ತಿಂಡಿ ಅಂಗಡಿ, ತೊಟ್ಟಿಲು. ಹುಡುಗನಿಗೆ ಕೆಲವು ನೂರು ಬಾತ್ (ಥಾಯ್ಲೆಂಡಿನ ಹಣ) ಸಿಗುತ್ತದೆ. ಅಕ್ಕಿಗೋ, ಶಾಲೆಗೋ, ಸಾಲಕ್ಕೋ ಅದು ಹೋಗುತ್ತದೆ. ಈಶಾನ್ಯದ ಈಸಾನ್ ಸೀಮೆ ಮಳೆ ನಂಬಿದ ಬಡ ಸೀಮೆ. ಬಾಕ್ಸರ್‌ಗಳಲ್ಲಿ ಬಹಳ ಜನ ಅಲ್ಲಿಯವರು. ಚೆನ್ನಾಗಿ ಆಡುವವನನ್ನು ಬ್ಯಾಂಕಾಕಿನ ಯಾವುದಾದರೂ ಗರಡಿಯವರು ಕರೆದುಕೊಂಡು ಹೋಗುತ್ತಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ. ಹುಡುಗನ ಹೆಸರಿನ ಮುಂದೆ ಮನೆತನದ ಹೆಸರು ಹೋಗಿ ಗರಡಿಯ ಹೆಸರು ಬರುತ್ತದೆ. ಗೆದ್ದ ದುಡ್ಡಿನಲ್ಲಿ ಸಾಮಾನ್ಯವಾಗಿ ಅರ್ಧ ಗರಡಿಗೆ.

ಅಲ್ಲಿನ ಬೆಳಗಿನ ಜಾವ ನನಗೆ ಮರೆಯುವುದಿಲ್ಲ. ಐದು ಗಂಟೆಗೆ ಕತ್ತಲಲ್ಲಿ ಓಟ. ವಾಪಸ್ ಬಂದ ಮೇಲೆ ಹಳದಿ ಬಣ್ಣದ ಎಣ್ಣೆ ಕಾಲಿಗೆ ತಿಕ್ಕುತ್ತಾರೆ, ನಮ್ಮ ನೋವಿನ ಮುಲಾಮಿನ ಘಾಟು, ಕಣ್ಣಲ್ಲಿ ನೀರು ಬರುವಷ್ಟು. ಹತ್ತು ವರ್ಷದ ಒಬ್ಬ ಹುಡುಗ ತನಗಿಂತ ಎತ್ತರದ ಚೀಲಕ್ಕೆ ಒದೆಯುತ್ತಿದ್ದ. ಒಂದೊಂದು ಒದೆಗೂ ಬಾಯಲ್ಲಿ ಎಣಿಸುತ್ತಿದ್ದ. ಎಣಿಕೆ ತಪ್ಪಿದರೆ ಯಾರೂ ಹೇಳದೆ ತಾನೇ ಮತ್ತೆ ಒಂದರಿಂದ ಶುರು ಮಾಡುತ್ತಿದ್ದ. ಆಮೇಲೆ ಶಾಲೆ ಬಟ್ಟೆ ಹಾಕಿಕೊಂಡು ಹೊರಟ. ಅವನ ಕೈ ನೋಡಿದೆ. ಗೆಣ್ಣುಗಳ ಮೇಲೆ ಚರ್ಮ ಆಗಲೇ ಗಟ್ಟಿಯಾಗಿತ್ತು.

ಸಿನಿಮಾದಲ್ಲಿ ಹುಡುಗರು ಬಾಜಿ ಕಟ್ಟುವವರ ಕೈಗೆ ಸಿಕ್ಕಿಬೀಳುವುದು ಕಟ್ಟುಕಥೆ ಅಂತ ನಿಮಗೆ ಅನಿಸಿರಬಹುದು. ಕೆಲವು ಸ್ಟೇಡಿಯಂಗಳ ಒಳಗೆ ಬಾಜಿಗೆ ಕಾನೂನಿನ ಒಪ್ಪಿಗೆ ಇದೆ. ಮೊದಲ ಎರಡು ರೌಂಡ್ ಹುಡುಗರು ಮೆಲ್ಲಗೆ ಆಡುತ್ತಾರೆ, ಬಾಜಿಯವರು ಅಳೆಯುತ್ತಿರುತ್ತಾರೆ. ಮೂರನೇ ರೌಂಡಿನಿಂದ ಗ್ಯಾಲರಿ ಪೂರ್ತಿ ಎದ್ದು ನಿಲ್ಲುತ್ತದೆ. ಬೆರಳಲ್ಲೇ ಸನ್ನೆ, ಬೆರಳಲ್ಲೇ ದರ. ಒಂದೊಂದು ಮೊಣಕಾಲಿನ ಗುದ್ದಿಗೂ ಸಾವಿರ ಜನ ಒಟ್ಟಿಗೆ ಕೂಗುತ್ತಾರೆ. ಇಷ್ಟು ದುಡ್ಡು ಓಡಾಡುವ ಕಡೆ, ಸೋಲು ಅಂತ ಕಿವಿಯಲ್ಲಿ ಹೇಳುವವರೂ ಇರುತ್ತಾರೆ. ಇಪ್ಪತ್ತು ದಾಟದ ಹುಡುಗನಿಗೆ ಅದು ಎಷ್ಟು ಭಾರ ಅಂತ ಯೋಚಿಸಿ ನೋಡಿ.

ಗೆದ್ದವರ ಕಥೆಗಳೂ ಇವೆ, ಅವನ್ನು ನಿಮ್ಮ ಮಗನಿಗೆ ಹೇಳಿ. ಸಾಮಾರ್ತ್ ಪಾಯಕರೂನ್ ಲುಂಪಿನಿಯಲ್ಲಿ ನಾಲ್ಕು ತೂಕಗಳಲ್ಲಿ ಚಾಂಪಿಯನ್ ಆಗಿ, ಆಮೇಲೆ 1986ರಲ್ಲಿ ಇಂಗ್ಲಿಷ್ ಬಾಕ್ಸಿಂಗ್‌ನಲ್ಲೂ ವಿಶ್ವ ಪಟ್ಟ ಗೆದ್ದರು. ಅವರನ್ನೂ ಸೋಲಿಸಿದ ಡೀಸೆಲ್‌ನೊಯ್ ಎಷ್ಟು ಎತ್ತರದ ಆಳು ಅಂದರೆ ಅವರ ಮೊಣಕಾಲಿಗೆ ಹೆದರಿ ಎದುರು ನಿಲ್ಲುವವರೇ ಸಿಗದೆ ಪಟ್ಟ ಬಿಟ್ಟುಕೊಡಬೇಕಾಯಿತು. ಹೆಣ್ಣುಮಕ್ಕಳಿಗೆ ಮಾತ್ರ ಬಾಗಿಲು ಬಹಳ ತಡವಾಗಿ ತೆರೆಯಿತು. ಲುಂಪಿನಿ ರಿಂಗಿನಲ್ಲಿ ಮೊದಲ ಸಲ ಮಹಿಳೆಯರ ಪಂದ್ಯ ನಡೆದಿದ್ದು 2021ರಲ್ಲಿ.

ಆದರೆ ಇನ್ನೊಂದು ವಿಷಯ ನಿಮಗೆ ಹೇಳಲೇಬೇಕು. 2018ರ ನವೆಂಬರಿನಲ್ಲಿ ಬ್ಯಾಂಕಾಕಿನ ಹತ್ತಿರದ ಸಮುತ್ ಪ್ರಕಾನ್‌ನಲ್ಲಿ 13 ವರ್ಷದ ಹುಡುಗನೊಬ್ಬ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಎಂಟು ವರ್ಷಕ್ಕೆ ಶುರು ಮಾಡಿ ಅಷ್ಟರಲ್ಲಿ 170 ಪಂದ್ಯ ದಾಟಿದ್ದ. ತಲೆಗೆ ರಕ್ಷಣೆಯ ಕವಚ ಇರಲಿಲ್ಲ. ಬ್ಯಾಂಕಾಕಿನ ರಾಮಾತಿಬೊದಿ ಆಸ್ಪತ್ರೆಯ ವೈದ್ಯರು ಬಾಕ್ಸಿಂಗ್ ಆಡುವ ಮಕ್ಕಳ ಮೆದುಳನ್ನು ಎಂಆರ್‌ಐ ಮಾಡಿ, ಆಡದ ಮಕ್ಕಳ ಜೊತೆ ಹೋಲಿಸಿ ನೋಡಿದ್ದರು. ಆಡುವ ಮಕ್ಕಳ ಮೆದುಳಿನಲ್ಲಿ ಹಾನಿ ಕಂಡಿತು. ಹೆಚ್ಚು ವರ್ಷ ಆಡಿದವರಲ್ಲಿ ಹೆಚ್ಚು. 1999ರ ಕಾನೂನಿನ ಪ್ರಕಾರ 15 ವರ್ಷದೊಳಗಿನವರು ಹೆಸರು ನೋಂದಾಯಿಸಿ, ಪೋಷಕರ ಒಪ್ಪಿಗೆ ಪಡೆದು ಆಡಬಹುದು. 12 ವರ್ಷದೊಳಗಿನವರ ಪಂದ್ಯ ನಿಲ್ಲಿಸಬೇಕು ಅಂತ ಆ ಸಾವಿನ ಹೊತ್ತಿನಲ್ಲಿ ದೊಡ್ಡ ಚರ್ಚೆ ನಡೆಯಿತು. ಗರಡಿಯವರು ಬಲವಾಗಿ ವಿರೋಧಿಸಿದರು. ಮನೆ ನಡೆಯುವುದೇ ಇದರಿಂದ ಅನ್ನುವ ತಾಯ್ತಂದೆಯರ ಮಾತು ನನಗೆ ಅರ್ಥವಾಗುತ್ತದೆ. ಆದರೂ ಮಕ್ಕಳ ತಲೆಗೆ ಹೊಡೆಯುವ ಪಂದ್ಯವನ್ನು ನಾನು ಒಪ್ಪುವುದಿಲ್ಲ, ಯಾವ ದೇಶದಲ್ಲಾದರೂ ಸರಿ.

ಇನ್ನು ನಿಮ್ಮ ಮಗ. ಕಳಿಸಿ. ಮೈ ಗಟ್ಟಿಯಾಗುತ್ತದೆ, ಶಿಸ್ತು ಬರುತ್ತದೆ, ಅವನಿಗೆ ಖುಷಿಯೂ ಆಗುತ್ತದೆ. ಈಗ ಬೆಂಗಳೂರಿನಂಥ ಊರುಗಳಲ್ಲಿ ಕಲಿಸುವವರು ಇದ್ದಾರೆ. ಸೇರಿಸುವ ಮುಂಚೆ ಒಂದು ದಿನ ಸುಮ್ನೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಹೊಸ ಮಕ್ಕಳಿಗೆ ಮೊದಲು ಏನು ಕಲಿಸುತ್ತಾರೆ? ಬೀಳುವುದು, ತಡೆಯುವುದು, ಕಾಲಿನ ನಡೆ ಕಲಿಸುತ್ತಿದ್ದರೆ ಒಳ್ಳೆಯ ಜಾಗ. ಮೊದಲ ವಾರವೇ ಮಕ್ಕಳನ್ನು ಎದುರಾಬದುರು ನಿಲ್ಲಿಸಿ ಹೊಡೆಸುತ್ತಿದ್ದರೆ ಎದ್ದು ಬನ್ನಿ. ತಲೆಗೆ ಹೊಡೆತ ಬೇಡ ಅಂತ ಬಾಯಿಬಿಟ್ಟು ಹೇಳಿ, ಗುರುಗಳು ಅದಕ್ಕೆ ಏನು ಉತ್ತರ ಕೊಡುತ್ತಾರೆ ಕೇಳಿ. ಚೀಲಕ್ಕೆ, ಪ್ಯಾಡಿಗೆ ಎಷ್ಟು ಬೇಕಾದರೂ ಒದೆಯಲಿ. ಪ್ಲಾಮ್ ಕಲಿಯಲಿ, ಅದು ಕುಸ್ತಿಯ ಹಾಗೆ, ಮಕ್ಕಳು ನಗುನಗುತ್ತಾ ಕಲಿಯುತ್ತಾರೆ. ಪಂದ್ಯ ಆಡಬೇಕು ಅಂದರೆ ಅವನು ದೊಡ್ಡವನಾದ ಮೇಲೆ ತಾನೇ ತೀರ್ಮಾನ ಮಾಡಲಿ.

ಮೊದಲ ದಿನ ಕೈಗೆ ಬಟ್ಟೆಯ ಪಟ್ಟಿ ಸುತ್ತುವುದನ್ನು ಕಲಿಸುತ್ತಾರೆ. ಅದು ಆ ಹಳೆಯ ಹುರಿಯ ಜಾಗಕ್ಕೆ ಬಂದದ್ದು. ಮಣಿಕಟ್ಟು ಮೊದಲು, ಆಮೇಲೆ ಅಂಗೈ, ಆಮೇಲೆ ಬೆರಳ ಸಂದಿ. ಮನೆಯಲ್ಲಿ ನೀವೂ ಅವನ ಜೊತೆ ಕೂತು ಸುತ್ತಿ ನೋಡಿ. ಹೆಬ್ಬೆರಳಿನ ಕುಣಿಕೆ ಜಾಸ್ತಿ ಬಿಗಿಯಾದರೆ ಬೆರಳ ತುದಿ ನೀಲಿಯಾಗುತ್ತದೆ, ಅದೊಂದು ನೋಡಿಕೊಳ್ಳಿ.